ಅಭಯದಾನವೂ ರಾಜಾಜ್ಞೆಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರನ್ನು ನಮ್ಮ ಸಮಾಜವು ಯಥಾಶಕ್ತಿ ನಡೆಸಿಕೊಂಡು ಬಂದಿದೆ. ಬಸದಿಗಳಲ್ಲಿ ಆಹಾರದಾನದ ಏರ್ಪಾಡುಗಳಿವೆ, ಧರ್ಮಾರ್ಥ ಔಷಧಾಲಯಗಳಿವೆ, ಗ್ರಂಥಗಳನ್ನು ಅಚ್ಚು ಹಾಕಿಸಿ ಹಂಚುವ ದಾನಿಗಳಿದ್ದಾರೆ. ನಾಲ್ಕನೆಯದಾದ ಅಭಯದಾನದ ಮಾತು ಬಂದಾಗ ಮಾತ್ರ ನಾವು ಬಹುಮಟ್ಟಿಗೆ ಪ್ರಾಣಿಪಕ್ಷಿಗಳನ್ನು ನೆನೆಯುತ್ತೇವೆ. ಪಾಂಜರಪೋಳಗಳೂ ಗೋಶಾಲೆಗಳೂ ನಮ್ಮ ಹೆಮ್ಮೆ; ಅದು ಸಹಜವೇ. ಆದರೆ ಹೆದರಿ ನಿಂತ ಮನುಷ್ಯನೊಬ್ಬನಿಗೆ ಇನ್ನೊಬ್ಬ ಮನುಷ್ಯನು, ಅದರಲ್ಲಿಯೂ ಕಚೇರಿಯ ಮೇಜಿನ ಹಿಂದೆ ಕುಳಿತ ಸಾಧಾರಣ ಸಿಬ್ಬಂದಿಯೊಬ್ಬನು, ಅಭಯವನ್ನು ಕೊಡುವುದು ಹೇಗೆ? ರಾಜಾಜ್ಞೆಯನ್ನು ಮೀರದೆ, ಸುಳ್ಳಾಡದೆ ಅದನ್ನು ಕೊಡಲು ಸಾಧ್ಯವೇ? ಎಪ್ಪತ್ತು ದಾಟಿದ ಮೇಲೆ ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು; ಅದೂ ಅಮೆರಿಕದಲ್ಲಿ, ಮಗನ ಮನೆಯ ಊಟದ ಮೇಜಿನ ಬಳಿ.

2025ರ ಜನವರಿಯಿಂದ ಜೂನ್‌ವರೆಗೆ ನಾನು ಅಲ್ಲಿದ್ದೆ. ಸೊಸೆ ಆ ಊರಿನ ವಿಶ್ವವಿದ್ಯಾಲಯದ ಒಂದು ವಿಭಾಗದ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಪ್ರವೇಶ, ವೇಳಾಪಟ್ಟಿ, ವಿದ್ಯಾರ್ಥಿವೇತನ ಮುಂತಾದ ಕಾಗದಪತ್ರಗಳೆಲ್ಲ ಅವಳ ಕೈಯಿಂದಲೇ ಹೋಗಬೇಕು. ನಾನೂ ನಮ್ಮ ನಾಡಿನ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿ ಸೇರಿ ಕಚೇರಿ ಅಧೀಕ್ಷಕನಾಗಿ ನಿವೃತ್ತನಾದವನು. ಆದಕಾರಣ ಸಂಜೆ ಅವಳು ಮನೆಗೆ ಬಂದು ಹೇಳುವ ಕಚೇರಿಯ ಸುದ್ದಿಗಳನ್ನು ಕೇಳುವುದು ನನಗೆ ಪ್ರಿಯವಾಗಿತ್ತು.

ಮಹಾವೀರ ಜಯಂತಿ ಕಳೆದು ಕೆಲವು ದಿನಗಳಾಗಿದ್ದವು. ಆ ಸಂಜೆ ಅವಳ ಮುಖ ಬಾಡಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಸಾಧಾರಣ ಉಡುಪಿನ ಇಬ್ಬರು ಅಧಿಕಾರಿಗಳು ಅವಳ ಮೇಜಿನ ಬಳಿ ಬಂದು, ತಾವು ವಲಸೆ ಇಲಾಖೆಯವರೆಂದು ಹೇಳಿ ಬಿಲ್ಲೆ ತೋರಿಸಿ, ಒಬ್ಬ ಪರದೇಶಿ ವಿದ್ಯಾರ್ಥಿಯ ಹೆಸರು ಹೇಳಿದರಂತೆ. ಆತ ಈಗ ಯಾವ ತರಗತಿಯಲ್ಲಿದ್ದಾನೆ, ಎಲ್ಲಿ ವಾಸವಾಗಿದ್ದಾನೆ ಎಂಬುದು ಅವರ ಪ್ರಶ್ನೆ. ಎರಡಕ್ಕೂ ಉತ್ತರ ಅವಳ ಮುಂದಿನ ಗಣಕಯಂತ್ರದಲ್ಲಿತ್ತು. ಅವಳು ಎದ್ದು ನಿಂತು, "ಈ ಮಾಹಿತಿ ಕೊಡುವ ಅಧಿಕಾರ ನನಗಿಲ್ಲ. ಕಾನೂನು ಸಲಹೆಗಾರರ ಕಚೇರಿಗೆ ತಿಳಿಸುತ್ತೇನೆ, ದಯವಿಟ್ಟು ಕುಳಿತುಕೊಳ್ಳಿ" ಎಂದಳು. ಕುರ್ಚಿ ತೋರಿಸಿದಳು, ನೀರು ಬೇಕೇ ಎಂದು ಕೇಳಿದಳು. ಅವರ ಹೆಸರು, ಬಿಲ್ಲೆಯ ಸಂಖ್ಯೆ, ಬಂದ ವೇಳೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಳು. ಇಪ್ಪತ್ತು ನಿಮಿಷಗಳಲ್ಲಿ ಸಲಹೆಗಾರರ ಕಚೇರಿಯಿಂದ ಒಬ್ಬರು ಬಂದರು. ಅಧಿಕಾರಿಗಳು ತೋರಿಸಿದ ಕಾಗದವನ್ನು ಓದಿ, ಅದರ ಪ್ರತಿಯನ್ನು ಪಡೆದು, ಮುಂದಿನ ವ್ಯವಹಾರವನ್ನು ತಮ್ಮ ಕಚೇರಿಯಲ್ಲಿ ನಡೆಸೋಣವೆಂದು ಅವರನ್ನು ಕರೆದುಕೊಂಡು ಹೋದರು. ನಡೆದುದು ಇಷ್ಟೇ. ಯಾರೂ ಕೂಗಾಡಲಿಲ್ಲ. ಆದರೆ ಅವರು ಹೋದ ಮೇಲೆ ತನ್ನ ಕೈ ಬಹಳ ಹೊತ್ತು ನಡುಗುತ್ತಿತ್ತೆಂದು ಅವಳು ಹೇಳಿದಳು.

ನಡುಗಲು ಕಾರಣವಿತ್ತು. ಮಗ ಸೊಸೆ ಇಬ್ಬರೂ ಆ ದೇಶದ ಪ್ರಜೆಗಳಲ್ಲ. ಖಾಯಂ ವಾಸದ ಅನುಮತಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿರುವವರು. ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೆ ಕುಳಿತಾಗ ಮಗ ಅಸಮಾಧಾನದಿಂದಲೇ ಮಾತನಾಡಿದ. "ಸರ್ಕಾರದವರು ಕೇಳಿದರೆ ಹೇಳಿಬಿಡಬೇಕು. ನಾವೇ ಇಲ್ಲಿ ಹೊರಗಿನವರು. ಹೇಗೂ ಆ ಹುಡುಗನ ವಿಳಾಸ ಸರ್ಕಾರದ ಹತ್ತಿರ ಇದ್ದೇ ಇರುತ್ತದೆ. ನೀನು ಹೇಳದೆ ಉಳಿದು ಯಾರಿಗೆ ಏನು ಉಪಕಾರ ಮಾಡಿದೆ?" ಎಂದ. ಅವಳು ಅವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ, "ಮಾವ, ನಾನು ಮಾಡಿದ್ದು ಸುಳ್ಳಿನ ಲೆಕ್ಕಕ್ಕೆ ಬರುತ್ತದೆಯೇ? ನಮ್ಮ ಧರ್ಮದಲ್ಲಿ ಇದಕ್ಕೆ ಏನು ಹೇಳಿದೆ?" ಎಂದು ಕೇಳಿದಳು. ನಾನು ಅಂದು ಏನೂ ಹೇಳಲಾರದೆ ಹೋದೆ. ಈ ಲೇಖನ ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಆ ದೇಶದ ವ್ಯವಸ್ಥೆಯನ್ನು ನಾನು ತಿಳಿದುಕೊಂಡಷ್ಟು ವಿವರಿಸುವುದು ಉಚಿತ. ಏಕೆಂದರೆ ನಮ್ಮ ಅನೇಕ ಮನೆಗಳ ಮಕ್ಕಳು ಅಲ್ಲಿದ್ದಾರೆ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಬೇರೆ ಯಾವ ದೇಶದವರೂ ಆ ವರ್ಷ ಅಷ್ಟು ಮಂದಿ ಇರಲಿಲ್ಲ.

ವಲಸೆಯ ಕಾನೂನನ್ನು ಜಾರಿಗೊಳಿಸುವ 'ಐಸ್' ಎಂಬ ಸಂಸ್ಥೆ 2003ರಲ್ಲಿ ಆರಂಭವಾಯಿತು. ವಿಶ್ವವಿದ್ಯಾಲಯಕ್ಕೆ ಬರುವ ಅಧಿಕಾರಿಗಳೆಲ್ಲರೂ ಬಂಧಿಸಲು ಬರುವವರಲ್ಲ. ಪರದೇಶಿ ವಿದ್ಯಾರ್ಥಿಗಳ ದಾಖಲೆಗಳು ಕ್ರಮಬದ್ಧವಾಗಿವೆಯೇ ಎಂದು ನೋಡಲು ಬರುವ ಪ್ರತಿನಿಧಿಗಳುಂಟು. ಕೆಲಸದ ವೀಸಾ ಪಡೆದ ಸಂಶೋಧಕನು ಹೇಳಿದ ಸ್ಥಳದಲ್ಲಿ ಹೇಳಿದ ಕೆಲಸವನ್ನೇ ಮಾಡುತ್ತಿರುವನೇ ಎಂದು ಪರೀಕ್ಷಿಸಲು ಬರುವವರುಂಟು. ಇವೆಲ್ಲ ವಾಡಿಕೆಯ ಭೇಟಿಗಳು. ಬಂಧನಕ್ಕಾಗಿ ಬರುವುದು ಬೇರೆ. 2011ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯೇ ಒಂದು ನಿಯಮವನ್ನು ಮಾಡಿಕೊಂಡಿತ್ತು: ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಆಸ್ಪತ್ರೆ, ಪೂಜಾಸ್ಥಳ ಇವುಗಳಲ್ಲಿ ತುರ್ತು ಸಂದರ್ಭವನ್ನು ಬಿಟ್ಟರೆ ಮೇಲಧಿಕಾರಿಯ ಅನುಮತಿಯಿಲ್ಲದೆ ಬಂಧನಕ್ಕೆ ಹೋಗಬಾರದು ಎಂದು. 2021ರಲ್ಲಿ ಅದು ಇನ್ನಷ್ಟು ವಿಸ್ತಾರಗೊಂಡಿತು. 2025ರ ಜನವರಿ 20ರಂದು ಆ ನಿಯಮವನ್ನು ರದ್ದುಗೊಳಿಸಲಾಯಿತು. ಅದು ಶಾಸನಸಭೆಯ ಕಾನೂನಾಗಿರಲಿಲ್ಲ, ಇಲಾಖೆಯ ಸಂಯಮ ಮಾತ್ರವಾಗಿತ್ತು. ಆದ್ದರಿಂದ ಒಂದೇ ಕಾಗದದಿಂದ ಹೋಯಿತು. ಸಂಯಮವನ್ನು ವ್ರತವಾಗಿ ಸ್ವೀಕರಿಸುವುದಕ್ಕೂ ಅನುಕೂಲಕ್ಕಾಗಿ ಪಾಲಿಸುವುದಕ್ಕೂ ಇರುವ ಅಂತರವನ್ನು ಜೈನರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ವಿಶ್ವವಿದ್ಯಾಲಯಗಳಿಗೆ ಉಳಿದುದೇನು? ಸಂವಿಧಾನದ ನಾಲ್ಕನೆಯ ತಿದ್ದುಪಡಿ ಉಳಿದಿದೆ. ಅದು ಅಕಾರಣವಾದ ಶೋಧ ಮತ್ತು ಬಂಧನಗಳಿಂದ ಜನರನ್ನು ಕಾಯುವ ವಿಧಿ. ಇದರ ಆಧಾರದ ಮೇಲೆ ಬಹುತೇಕ ಸಂಸ್ಥೆಗಳು ತಮ್ಮ ಆವರಣವನ್ನು ಎರಡಾಗಿ ನೋಡುತ್ತವೆ. ಹುಲ್ಲುಹಾಸು, ರಸ್ತೆ, ವಾಹನ ನಿಲ್ಲಿಸುವ ಬಯಲು ಮುಂತಾದ ಸಾರ್ವಜನಿಕ ಸ್ಥಳಗಳಿಗೆ ಯಾವ ಪ್ರಜೆಯಾದರೂ ಬರುವಂತೆ ಅಧಿಕಾರಿಯೂ ಬರಬಹುದು, ಅವನನ್ನು ತಡೆಯಲಾಗದು. ಬೀಗವಿರುವ ವಿದ್ಯಾರ್ಥಿನಿಲಯ, ಸಿಬ್ಬಂದಿಯ ಒಳಕೋಣೆ, ಪ್ರಯೋಗಶಾಲೆ ಇವು ಖಾಸಗಿ ಸ್ಥಳಗಳು. ಇಲ್ಲಿ ಪ್ರವೇಶಿಸಲು ಸಂಸ್ಥೆಯ ಒಪ್ಪಿಗೆ ಬೇಕು, ಇಲ್ಲವೇ ನ್ಯಾಯಾಧೀಶರ ಸಹಿಯುಳ್ಳ ವಾರಂಟು ಬೇಕು.

ವಾರಂಟಿನಲ್ಲಿಯೂ ಎರಡು ಬಗೆ. ನ್ಯಾಯಾಲಯದ ಹೆಸರು, ನ್ಯಾಯಾಧೀಶರ ಸಹಿ, ಶೋಧಿಸಬೇಕಾದ ಸ್ಥಳ, ದಿನಾಂಕ ಇವುಗಳಿರುವುದು ಒಂದು. ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ ನಮೂನೆ ಇನ್ನೊಂದು. ಐ-200, ಐ-205 ಎಂಬ ಸಂಖ್ಯೆಯ ನಮೂನೆಗಳು ಈ ಎರಡನೆಯ ಬಗೆಯವು. ಇವುಗಳ ಮೇಲೆಯೂ 'ವಾರಂಟು' ಎಂದೇ ಅಚ್ಚಾಗಿರುತ್ತದೆ. ಆದರೆ ಒಪ್ಪಿಗೆಯಿಲ್ಲದೆ ಖಾಸಗಿ ಸ್ಥಳಕ್ಕೆ ನುಗ್ಗುವ ಅಧಿಕಾರವನ್ನು ಈ ನಮೂನೆಗಳು ಕೊಡುವುದಿಲ್ಲವೆಂಬುದು ದೀರ್ಘಕಾಲದಿಂದ ನಡೆದುಬಂದ ಕಾನೂನಿನ ತಿಳಿವಳಿಕೆ, ವಿಶ್ವವಿದ್ಯಾಲಯಗಳು ನಡೆಯುವುದೂ ಅದರಂತೆಯೇ. ಅವಸರದಲ್ಲಿ ನೋಡುವ ಗುಮಾಸ್ತನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಆದುದರಿಂದಲೇ ಗುಮಾಸ್ತನು ತಾನೇ ನಿರ್ಣಯಿಸಕೂಡದು, ತಿಳಿದವರನ್ನು ಕರೆಯಬೇಕು ಎಂಬ ನಿಯಮ.

ದಾಖಲೆಗಳ ವಿಷಯದಲ್ಲಿ 1974ರ ಒಂದು ಕಾನೂನಿದೆ; ಅದನ್ನು ಅಲ್ಲಿಯವರು 'ಫೆರ್ಪಾ' ಎಂದು ಕರೆಯುತ್ತಾರೆ. ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಯನ್ನು ಆತನ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಕೊಡಬಾರದು. ನ್ಯಾಯಾಲಯದ ಆದೇಶ ಅಥವಾ ಸಮನ್ಸು ಇದ್ದರೆ ಕೊಡಬಹುದು, ಸಾಮಾನ್ಯವಾಗಿ ಆಗಲೂ ಆತನಿಗೆ ಮೊದಲು ತಿಳಿಸಲು ಯತ್ನಿಸಬೇಕು. ಹೆಸರು, ವಿಳಾಸಗಳಂಥ ಕೆಲವು ಸಂಗತಿಗಳನ್ನು ಸಂಸ್ಥೆಯು ಬಹಿರಂಗವೆಂದು ಘೋಷಿಸಬಹುದಾದರೂ, ತನ್ನದನ್ನು ಪ್ರಕಟಿಸಬೇಡಿ ಎಂದು ಬರೆದುಕೊಡುವ ಹಕ್ಕು ವಿದ್ಯಾರ್ಥಿಗಿದೆ. ಆದರೆ ಪರದೇಶಿ ವಿದ್ಯಾರ್ಥಿಯ ವಿಷಯದಲ್ಲಿ ಈ ರಕ್ಷಣೆ ಅಪೂರ್ಣ. ಆತನ ವಿಳಾಸ, ವ್ಯಾಸಂಗದ ಸ್ಥಿತಿ ಇವುಗಳನ್ನು 'ಸೆವಿಸ್' ಎಂಬ ಸರ್ಕಾರಿ ದಾಖಲೆಯಲ್ಲಿ ನಮೂದಿಸುವುದು ಸಂಸ್ಥೆಯ ಕರ್ತವ್ಯ. ಇಲಾಖೆ ಕ್ರಮವಾಗಿ ಕೇಳಿದರೆ ಅದಕ್ಕೆಂದು ನೇಮಕವಾದ ಅಧಿಕಾರಿ ಉತ್ತರಿಸಬೇಕು. ಅಂದರೆ ನನ್ನ ಮಗ ಹೇಳಿದುದರಲ್ಲಿ ಅರ್ಧ ಸತ್ಯವಿತ್ತು: ವಿಳಾಸ ಸರ್ಕಾರಕ್ಕೆ ತಿಳಿಯದ ಗುಟ್ಟಲ್ಲ.

ಸೊಸೆಯ ಮೇಜಿನ ಖಾನೆಯಲ್ಲಿದ್ದ ಒಂದು ಪುಟದ ಸೂಚನೆಯನ್ನು ನಾನು ಓದಿದೆ. ವಿನಯದಿಂದ ಮಾತನಾಡಿರಿ. ನಿಮಗೆ ಅಧಿಕಾರವಿಲ್ಲವೆಂದು ತಿಳಿಸಿರಿ. ಇಂಥ ಕಚೇರಿಗೆ ದೂರವಾಣಿ ಮಾಡಿರಿ. ಹೆಸರು, ಸಂಖ್ಯೆ ಬರೆದುಕೊಳ್ಳಿರಿ, ಕಾಗದದ ಪ್ರತಿ ಕೇಳಿರಿ. ಒಳಕೋಣೆಗೆ ಒಪ್ಪಿಗೆ ಕೊಡಬೇಡಿರಿ. ಆದರೆ ಅಧಿಕಾರಿ ಒಳಗೆ ಹೋದರೆ ಮೈಯೊಡ್ಡಿ ತಡೆಯಬೇಡಿರಿ. ಸುಳ್ಳು ಹೇಳಬೇಡಿರಿ. ಯಾರನ್ನೂ ಬಚ್ಚಿಡಬೇಡಿರಿ, ಯಾವ ಕಾಗದವನ್ನೂ ನಾಶಪಡಿಸಬೇಡಿರಿ. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಇಂಥ ಕ್ರಮಗಳಿಗೆ 2017ರಲ್ಲಿ ಕಾನೂನೇ ಆಗಿದೆ. ವಲಸೆ ಅಧಿಕಾರಿ ಆವರಣಕ್ಕೆ ಬಂದರೆ, ಬರುವನೆಂದು ತಿಳಿದರೆ, ಕುಲಪತಿಯ ಅಥವಾ ಅಧ್ಯಕ್ಷರ ಕಚೇರಿಗೆ ಕೂಡಲೇ ತಿಳಿಸಬೇಕೆಂದು ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಅಲ್ಲಿಯ ಕಾಲೇಜುಗಳು ಸೂಚನೆ ಕೊಡಬೇಕು.

ಕಾಗದದ ಮೇಲಿನ ನಿಯಮ ನಡೆವಳಿಯಲ್ಲಿ ಏನಾಯಿತೆಂಬುದಕ್ಕೆ 2025ರ ಮಾರ್ಚ್ ತಿಂಗಳೇ ಸಾಕ್ಷಿ. ಮಾರ್ಚ್ 8ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ವಸತಿ ಕಟ್ಟಡದಲ್ಲಿ ಮಹಮೂದ್ ಖಲೀಲ್ ಎಂಬವರನ್ನು ಬಂಧಿಸಿದರು. ಅವರಿಗೆ ಖಾಯಂ ವಾಸದ ಅನುಮತಿಯಿತ್ತು. ಬಂಧನದ ಹೊತ್ತಿಗೆ ವಾರಂಟು ಇರಲಿಲ್ಲವೆಂದು ಸರ್ಕಾರವೇ ನಂತರ ಒಪ್ಪಿಕೊಂಡಿತು. ಅವರ ಬಿಡುಗಡೆಯಾದದ್ದು ಜೂನ್ 20ರಂದು. ಅದೇ ಮಾರ್ಚ್ 13ರ ರಾತ್ರಿ ಅಧಿಕಾರಿಗಳು ಅದೇ ವಿಶ್ವವಿದ್ಯಾಲಯದ ಎರಡು ಕೋಣೆಗಳನ್ನು ಶೋಧಿಸಿದರು. ಈ ಸಲ ನ್ಯಾಯಾಧೀಶರ ಸಹಿಯ ವಾರಂಟು ತಂದಿದ್ದರು. ವಿಶ್ವವಿದ್ಯಾಲಯ ತಡೆಯಲಿಲ್ಲ, ನಡೆದುದನ್ನು ಆಗಿನ ಹಂಗಾಮಿ ಅಧ್ಯಕ್ಷರು ಪತ್ರ ಬರೆದು ಎಲ್ಲರಿಗೂ ತಿಳಿಸಿದರು. ಯಾರೂ ಬಂಧಿತರಾಗಲಿಲ್ಲ. ಮಾರ್ಚ್ 17ರಂದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾರತೀಯ ಸಂಶೋಧಕ ಬದರ್ ಖಾನ್ ಸೂರಿಯವರು ವರ್ಜೀನಿಯಾದಲ್ಲಿ ತಮ್ಮ ಮನೆಯ ಹೊರಗೆ ಬಂಧಿತರಾದರು. ಮಾರ್ಚ್ 25ರಂದು ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ರುಮೇಸಾ ಓಜ್ಟುರ್ಕ್ ಅವರನ್ನು ಬೀದಿಯಲ್ಲಿಯೇ ಮುಖಮುಚ್ಚಿದ ಅಧಿಕಾರಿಗಳು ಹಿಡಿದರು. ಬೀದಿಯಲ್ಲಿ ವಿಶ್ವವಿದ್ಯಾಲಯದ ಬಾಗಿಲು ನಿಯಮವೇನೂ ಕೆಲಸಕ್ಕೆ ಬರುವುದಿಲ್ಲ. ಆದರೂ ಟಫ್ಟ್ಸ್ ಸಂಸ್ಥೆ ಸುಮ್ಮನಿರಲಿಲ್ಲ. ಆಕೆಯ ಮೇಲಿನ ಆರೋಪವನ್ನು ಸಮರ್ಥಿಸುವ ಯಾವ ಸಂಗತಿಯೂ ತನಗೆ ತಿಳಿದಿಲ್ಲವೆಂದು ನ್ಯಾಯಾಲಯಕ್ಕೆ ಹೇಳಿಕೆ ಸಲ್ಲಿಸಿತು. ಮೇ 9ರಂದು ಆಕೆ ಬಿಡುಗಡೆ ಹೊಂದಿದರು. ಸೂರಿಯವರ ಬಿಡುಗಡೆ ಮೇ 14ರಂದು.

ಅದೇ ಏಪ್ರಿಲ್‌ನಲ್ಲಿ ಸಾವಿರಾರು ಪರದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು ಇಲಾಖೆಯು ಕೊನೆಗೊಳಿಸಿತು. ಅನೇಕ ಸಂಸ್ಥೆಗಳಿಗೆ ಇದು ತಿಳಿದದ್ದು ತಾವೇ ದಾಖಲೆಯನ್ನು ತೆರೆದು ನೋಡಿದಾಗ. ವಿದ್ಯಾರ್ಥಿಗಳು ಹಲವು ನ್ಯಾಯಾಲಯಗಳ ಮೊರೆಹೊಕ್ಕರು. ಏಪ್ರಿಲ್ 25ರಂದು ದಾಖಲೆಗಳನ್ನು ಮರಳಿ ಸ್ಥಾಪಿಸುವುದಾಗಿ ಸರ್ಕಾರ ತಿಳಿಸಿತು. ಬಾಗಿಲಿಗೆ ಅಧಿಕಾರಿ ಬರಲೇಬೇಕೆಂದಿಲ್ಲ, ಒಂದು ಸಾಲಿನ ಬದಲಾವಣೆಯಿಂದಲೂ ಭಯ ಹುಟ್ಟುತ್ತದೆ ಎಂಬುದನ್ನು ಆ ವಾರಗಳಲ್ಲಿ ಕಂಡೆ. ಭಾನುವಾರಗಳಂದು ಮಗನ ಮನೆಗೆ ಊಟಕ್ಕೆ ಬರುತ್ತಿದ್ದ ಕನ್ನಡದ ಹುಡುಗರು ಆಗ ಬರುವುದನ್ನೇ ನಿಲ್ಲಿಸಿದ್ದರು.

ಇನ್ನು ಸೊಸೆಯ ಪ್ರಶ್ನೆ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳಿಗೆ ಒದಗುವ ಅತಿಚಾರಗಳನ್ನು ಹೇಳಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ವಿರುದ್ಧರಾಜ್ಯಾತಿಕ್ರಮ'ವೂ ಒಂದು. ವ್ಯಾಖ್ಯಾನಕಾರರು ಇದನ್ನು ಹೆಚ್ಚಾಗಿ ವ್ಯಾಪಾರದ ಸಂದರ್ಭದಲ್ಲಿ ವಿವರಿಸಿದ್ದರೂ, ರಾಜ್ಯದ ಕಟ್ಟಳೆಯನ್ನು ಮೀರಿ ನಡೆಯುವುದು ಶ್ರಾವಕನಿಗೆ ಸಲ್ಲದೆಂಬ ಭಾವವನ್ನು ನಾವು ಇದರಿಂದ ಗ್ರಹಿಸುತ್ತೇವೆ. ನಮ್ಮ ಸಮಾಜ ಯಾವ ರಾಜ್ಯದಲ್ಲಿದ್ದರೂ ಆ ರಾಜ್ಯಕ್ಕೆ ನಿಷ್ಠೆಯಿಂದ ಬಾಳಿದೆ. ಒಂದು ದೇಶಕ್ಕೆ ತನ್ನ ಗಡಿಯ ಒಳಗೆ ಯಾರು ಇರಬೇಕೆಂದು ನಿರ್ಣಯಿಸುವ ಅಧಿಕಾರವಿದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಗನ ಪಕ್ಷಕ್ಕೆ ಇದು ಬಲ ಕೊಡುವ ಮಾತು.

ಸತ್ಯಾಣುವ್ರತದ ಅತಿಚಾರಗಳನ್ನೂ ನೋಡಬೇಕು. 'ರಹೋಭ್ಯಾಖ್ಯಾನ' ಎಂದರೆ ಪರರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. 'ನ್ಯಾಸಾಪಹಾರ' ಎಂದರೆ ನಂಬಿ ಇಟ್ಟ ಒತ್ತೆಯ ವಿಷಯದಲ್ಲಿ ವಂಚಿಸುವುದು. ಮೂಲದಲ್ಲಿ ಇದು ಹಣ ಒಡವೆಗಳ ಮಾತು. ಆದರೆ ಪ್ರವೇಶದ ಅರ್ಜಿಯಲ್ಲಿ ವಿದ್ಯಾರ್ಥಿ ಬರೆದುಕೊಟ್ಟ ತಂದೆಯ ಹೆಸರು, ಊರು, ವಿಳಾಸಗಳೂ ಒಂದು ನ್ಯಾಸವೇ ಅಲ್ಲವೇ? ಓದುವುದಕ್ಕಾಗಿ ಕೊಟ್ಟದ್ದನ್ನು ಬೇರೊಂದು ಕಾರ್ಯಕ್ಕೆ ವಿಚಾರವಿಲ್ಲದೆ ಎತ್ತಿಕೊಡುವುದು ನ್ಯಾಸಕ್ಕೆ ಬಗೆದ ದ್ರೋಹವೇ ಸರಿ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ, ಸ್ಥೂಲವಾದ ಸುಳ್ಳನ್ನು ತಾನೂ ಆಡದೆ ಪರರಿಂದಲೂ ಆಡಿಸದೆ ಇರುವುದರ ಜೊತೆಗೆ, ಪರರಿಗೆ ವಿಪತ್ತು ತರುವ ಸತ್ಯವನ್ನೂ ಆಡದಿರುವುದನ್ನು ಸೇರಿಸಿದ್ದಾರೆ. ಜಿಂಕೆ ಯಾವ ಕಡೆ ಓಡಿತೆಂದು ಬೇಡನು ಕೇಳಿದಾಗ ಮೌನ ತಾಳಿದ ಮುನಿಯ ದೃಷ್ಟಾಂತವನ್ನು ಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಮುನಿ ತಪ್ಪು ದಾರಿಯನ್ನು ತೋರಿಸಲಿಲ್ಲ. ಬೇಡನ ಬಿಲ್ಲನ್ನು ಕಸಿದುಕೊಳ್ಳಲೂ ಇಲ್ಲ.

ಆ ಒಂದು ಪುಟದ ಸೂಚನೆಯನ್ನು ಈ ಬೆಳಕಿನಲ್ಲಿ ಓದಿದರೆ ನನಗೆ ಆಶ್ಚರ್ಯವಾಗುತ್ತದೆ. ಸುಳ್ಳು ಬೇಡ, ಹಿಂಸೆ ಬೇಡ, ರಾಜಾಜ್ಞೆಯನ್ನು ಮೀರುವುದು ಬೇಡ. ಆದರೆ ಕೇಳಿದ ಮಾತ್ರಕ್ಕೆ ನ್ಯಾಸವನ್ನು ಒಪ್ಪಿಸುವುದೂ ಬೇಡ. ಅದನ್ನು ಬರೆದ ವಕೀಲರು ನಮ್ಮ ಆಚಾರ್ಯರ ಹೆಸರನ್ನೂ ಕೇಳಿರಲಾರರು. "ನನಗೆ ಅಧಿಕಾರವಿಲ್ಲ" ಎಂದ ನನ್ನ ಸೊಸೆಯ ಮಾತು ಅಕ್ಷರಶಃ ನಿಜ. ಅವಳು ಸುಳ್ಳಾಡಲಿಲ್ಲ.

ಆದರೆ ಮಗನ ಪ್ರಶ್ನೆ ಉಳಿಯಿತು: ಸರ್ಕಾರಕ್ಕೆ ಗೊತ್ತಿರುವುದನ್ನು ಹೇಳದೆ ಉಳಿದರೆ ಉಪಕಾರವೇನು? ಇದಕ್ಕೆ ಉತ್ತರ ನನ್ನ ಬಳಿಯೇ ಇತ್ತು. ಐವತ್ತು ವರ್ಷಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಅಷ್ಟೇ.

1976ರ ಮಾತು. ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ನಾನು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಸಾಧಾರಣ ಉಡುಪಿನ ಪೊಲೀಸರೊಬ್ಬರು ಬಂದು ಒಂದು ಹೆಸರು ಹೇಳಿ, ಆ ಹುಡುಗ ಎಲ್ಲಿರುತ್ತಾನೆಂದು ಕೇಳಿದರು. ನಾನು ಪ್ರವೇಶದ ರಿಜಿಸ್ಟರನ್ನು ತೆಗೆದು ಬೆರಳಿಟ್ಟು ಹುಡುಕಿ ವಿದ್ಯಾರ್ಥಿನಿಲಯದ ಕೋಣೆಯ ಸಂಖ್ಯೆಯನ್ನೂ ಊರಿನ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಕಾಗದವೇನಾದರೂ ಇದೆಯೇ ಎಂದು ಕೇಳಲಿಲ್ಲ. ಪ್ರಾಂಶುಪಾಲರಿಗೆ ತಿಳಿಸಲಿಲ್ಲ. ಎರಡು ನಿಮಿಷದ ಕೆಲಸ. ಆ ಸಂಜೆಯೇ ಹುಡುಗನನ್ನು ಕರೆದುಕೊಂಡು ಹೋದರು. ಅವರಿಗೆ ಬೇಕಾಗಿದ್ದವನು ಅದೇ ಹೆಸರಿನ ಬೇರೊಬ್ಬನೆಂದು ತಿಳಿಯುವಷ್ಟರಲ್ಲಿ ಮೂರು ವಾರಗಳು ಕಳೆದಿದ್ದವು. ಆತ ಮರಳಿ ಬಂದು ಸಾಮಾನು ತೆಗೆದುಕೊಂಡು ಊರಿಗೆ ಹೋದ. ಪರೀಕ್ಷೆಗೆ ಕೂರಲಿಲ್ಲ, ವರ್ಗಾವಣೆ ಪತ್ರ ಕೇಳಲೂ ಬರಲಿಲ್ಲ.

ನಾನು ಒಂದು ಕಾಗದವನ್ನು ಕೇಳಿದ್ದರೆ ಅದರಲ್ಲಿ ತಂದೆಯ ಹೆಸರು ಇರುತ್ತಿತ್ತು. ರಿಜಿಸ್ಟರಿನಲ್ಲಿದ್ದ ತಂದೆಯ ಹೆಸರಿಗೂ ಅದಕ್ಕೂ ತಾಳೆಯಾಗುತ್ತಿರಲಿಲ್ಲ. ವಿಧಿ ಎಂದರೆ ಬರಿಯ ಅಡ್ಡಿಯೆಂದು ನಾವು ತಿಳಿಯುತ್ತೇವೆ. ಆದರೆ ಎರಡು ಹೆಸರುಗಳನ್ನು ತಾಳೆ ನೋಡಲು ಬೇಕಾಗುವ ಕಾಲವೇ ವಿಧಿ. ಸೊಸೆ ಆ ವಿದ್ಯಾರ್ಥಿಗೆ ಕೊಟ್ಟದ್ದು ಆ ಇಪ್ಪತ್ತು ನಿಮಿಷಗಳನ್ನು. ತಿಳಿದವರೊಬ್ಬರು ಕಾಗದವನ್ನು ಓದುವಷ್ಟು ಕಾಲವನ್ನು. ಆತ ನಿಜವಾಗಿ ತಪ್ಪಿತಸ್ಥನಾಗಿದ್ದರೆ ಕಾನೂನು ಆತನನ್ನು ಆಮೇಲೂ ಮುಟ್ಟುತ್ತದೆ. ಅಲ್ಲದಿದ್ದರೆ ಆ ಇಪ್ಪತ್ತು ನಿಮಿಷ ಒಂದು ಜೀವನವನ್ನು ಉಳಿಸಬಹುದು. ನನ್ನ ಅಲ್ಪಮತಿಗೆ ತೋರುವಂತೆ ಕಚೇರಿಯ ಮೇಜಿನ ಹಿಂದೆ ಕುಳಿತವನು ಕೊಡಬಲ್ಲ ಅಭಯದಾನ ಇದೇ. ಈ ಸಂಗತಿಯನ್ನು ನಾನು ಮೇ ತಿಂಗಳಲ್ಲಿ ಒಂದು ಸಂಜೆ ಮಗನಿಗೂ ಸೊಸೆಗೂ ಹೇಳಿದೆ. ಮಗ ಮಾತನಾಡಲಿಲ್ಲ, ಮರುದಿನ ಕೆಲಸಕ್ಕೆ ಹೊರಡುವಾಗ ಅವಳಿಗೆ, "ವಕೀಲರ ದೂರವಾಣಿ ಸಂಖ್ಯೆ ಹತ್ತಿರ ಇಟ್ಟುಕೋ" ಎಂದು ಮಾತ್ರ ಹೇಳಿದ.

ಅನೇಕಾಂತವನ್ನು ನಂಬಿದವರು ಇನ್ನೊಂದು ಮುಖವನ್ನೂ ನೋಡಬೇಕು. ಸತ್ಯಾಣುವ್ರತದ ಅತಿಚಾರಗಳಲ್ಲಿ 'ಕೂಟಲೇಖಕ್ರಿಯೆ'ಯೂ ಒಂದು, ಅಂದರೆ ಸುಳ್ಳು ಪತ್ರವನ್ನು ಸೃಷ್ಟಿಸುವುದು. ಮಿಷಿಗನ್ ಸಂಸ್ಥಾನದಲ್ಲಿ 'ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ' ಎಂಬ ಒಂದು ಸಂಸ್ಥೆಯಿತ್ತು. ಅಲ್ಲಿ ತರಗತಿಯಿಲ್ಲ, ಅಧ್ಯಾಪಕರಿಲ್ಲ. ಶುಲ್ಕ ಕೊಟ್ಟು ಹೆಸರು ನೋಂದಾಯಿಸಿ ಕೆಲಸ ಮಾಡುತ್ತಾ ದೇಶದಲ್ಲಿ ಉಳಿಯಬಹುದೆಂಬ ಆಸೆಯಿಂದ ಸುಮಾರು 600 ಮಂದಿ ಸೇರಿದರು. ಅವರಲ್ಲಿ ಬಹುಪಾಲು ಭಾರತೀಯರು. 2019ರ ಜನವರಿಯಲ್ಲಿ ಗೊತ್ತಾಯಿತು, ಆ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದುದು ವಲಸೆ ಇಲಾಖೆಯೇ ಎಂದು. ಹಿಡಿಯುವುದಕ್ಕಾಗಿ ಸರ್ಕಾರವೇ ವಿದ್ಯಾಮಂದಿರದ ವೇಷ ಹಾಕಿದುದು ನನಗೆ ಸರಿಯೆನಿಸುವುದಿಲ್ಲ. ಮೋಸಹೋಗಿ ಸೇರಿದವರೂ ಇದ್ದರು. ಆದರೆ ಪಾಠವಿಲ್ಲದ ವಿದ್ಯಾಲಯವೆಂದು ತಿಳಿದೂ ಹಣ ಕಟ್ಟಿದವರು ತಾವೂ ಕೂಟಲೇಖದಲ್ಲಿ ಪಾಲುಗೊಂಡರು. ಅದಕ್ಕೆ ಮುಂಚೆ, 2011ರಲ್ಲಿ, ಕ್ಯಾಲಿಫೋರ್ನಿಯಾದ ಟ್ರೈವ್ಯಾಲಿ ವಿಶ್ವವಿದ್ಯಾಲಯದ ಮೇಲೆ ದಾಳಿಯಾದಾಗ ಕೆಲವು ಭಾರತೀಯ ವಿದ್ಯಾರ್ಥಿಗಳ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿ ಸಂಕಟಪಟ್ಟಿದ್ದೆವು. ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಸಂಸ್ಥೆ ಯಾವುದು, ಅಲ್ಲಿ ನಿಜವಾಗಿ ಪಾಠ ನಡೆಯುತ್ತದೆಯೇ ಎಂಬುದನ್ನು ವಿಚಾರಿಸಬೇಕು. ನಮ್ಮ ಕಡೆಯ ಕಾಗದ ಶುದ್ಧವಾಗಿದ್ದಾಗಲೇ ಎದುರಿನವರ ಕಾಗದವನ್ನು ತೋರಿಸಿರೆಂದು ಕೇಳುವ ನೈತಿಕ ಬಲ ಬರುತ್ತದೆ.

ಕೊನೆಯಲ್ಲಿ ಧರ್ಮಸಂಸ್ಥೆಗಳ ಆಡಳಿತ ಮಂಡಳಿಗಳಿಗೆ ಒಂದು ವಿನಂತಿ. 2025ರಲ್ಲಿ ರದ್ದಾದ ನಿಯಮ ಪೂಜಾಸ್ಥಳಗಳನ್ನೂ ಒಳಗೊಂಡಿತ್ತು. ಆ ಫೆಬ್ರವರಿಯಲ್ಲಿ ಕ್ವೇಕರ್ ಸಭೆಗಳೂ ಸ್ಯಾಕ್ರಮೆಂಟೋದ ಒಂದು ಸಿಖ್ ಗುರುದ್ವಾರವೂ ಸೇರಿ ಹೂಡಿದ ದಾವೆಯಲ್ಲಿ ಮೇರಿಲ್ಯಾಂಡಿನ ನ್ಯಾಯಾಧೀಶರೊಬ್ಬರು ದಾವೆದಾರರ ಮಟ್ಟಿಗೆ ತಾತ್ಕಾಲಿಕ ರಕ್ಷಣೆಯನ್ನು ಕೊಟ್ಟರು. ಅಮೆರಿಕದಲ್ಲಿರುವ ನಮ್ಮ ಜಿನಮಂದಿರಗಳ ಕಾರ್ಯದರ್ಶಿಗಳೂ ಒಂದು ಪುಟದ ಸೂಚನೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಬಾಗಿಲಿಗೆ ಅಧಿಕಾರಿ ಬಂದರೆ ಯಾರು ಮಾತನಾಡಬೇಕು, ಯಾರಿಗೆ ತಿಳಿಸಬೇಕು, ಯಾವುದು ಸಾರ್ವಜನಿಕ ಸ್ಥಳ, ಯಾವುದಲ್ಲ ಎಂದು. ಇಲ್ಲಿ ನಮ್ಮ ನಾಡಿನಲ್ಲಿ ಕಾನೂನು ಬೇರೆ, ಸಂದರ್ಭ ಬೇರೆ. ಆದರೂ ನಮ್ಮ ಟ್ರಸ್ಟುಗಳು ಬೋರ್ಡಿಂಗುಗಳನ್ನೂ ಶಾಲೆಗಳನ್ನೂ ನಡೆಸುತ್ತವೆ. ಅಲ್ಲಿಯೂ ರಿಜಿಸ್ಟರುಗಳಿವೆ, ಅಲ್ಲಿಯೂ ನನ್ನಂತಹ ಗುಮಾಸ್ತರಿದ್ದಾರೆ. ಆ ರಿಜಿಸ್ಟರು ನ್ಯಾಸವೆಂಬುದನ್ನು ಅವರಿಗೆ ಮೊದಲ ದಿನವೇ ತಿಳಿಸಿರಿ. ಕೇಳಲು ಬಂದವರಿಗೆ ಆಸನ ಕೊಡಲಿ, ನೀರು ಕೊಡಲಿ, ಕಾಗದವನ್ನು ಕೇಳಲಿ, ಹಿರಿಯರನ್ನು ಕರೆಯಲಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿರಲಿಲ್ಲವೆಂಬುದು ನನ್ನ ದೋಷಕ್ಕೆ ಸಮಾಧಾನವಾಗುವುದಿಲ್ಲವೆಂದೂ ಬಲ್ಲೆ.

ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಸಕಲ ಜೀವರಾಶಿಗಳ ಕ್ಷಮೆ ಬೇಡುತ್ತೇನೆ. ಸಕಲ ಜೀವರಾಶಿಗಳನ್ನು ಬೇಡುವುದು ಸುಲಭ. 1976ರಲ್ಲಿ ಚೀಟಿಯಲ್ಲಿ ಬರೆದುಕೊಟ್ಟ ಆ ವಿಳಾಸ ನನಗೆ ಇಂದಿಗೂ ಬಾಯಿಪಾಠವಿದೆ. ಪೊಲೀಸರಿಗೆ ಎರಡು ನಿಮಿಷದಲ್ಲಿ ಕೊಟ್ಟ ಆ ವಿಳಾಸಕ್ಕೆ ನಾನೇ ಒಂದು ಕಾಗದ ಹಾಕಲು ಐವತ್ತು ವರ್ಷ ಹಿಡಿಯಿತು. ಅಮೆರಿಕದಿಂದ ಮರಳಿದ ಮೇಲೆ ಬಂದ ಕ್ಷಮಾವಣಿಯಂದು ನಡೆದುದನ್ನೆಲ್ಲ ಬರೆದು ಅಂಚೆಗೆ ಹಾಕಿದೆ. ಈ ಲೇಖನ ಬರೆಯುವವರೆಗೆ ಉತ್ತರ ಬಂದಿಲ್ಲ. ಆ ಮನೆಯಲ್ಲಿ ಈಗ ಯಾರಿದ್ದಾರೋ ತಿಳಿಯದು. ಉತ್ತರವನ್ನು ಅಪೇಕ್ಷಿಸುವ ಹಕ್ಕೂ ನನಗಿಲ್ಲ.